ಹಲ್ಲಿಗೆ ತಂತಿ, ದವಡೆಗೆ ಬಿಡುವು

ಮೂವತ್ತು ದಾಟಿದವರು ಹಲ್ಲಿಗೆ ತಂತಿ ಹಾಕಿಸಿಕೊಂಡರೆ ಹಿಂದೆ ಜನ ಮುಸಿಮುಸಿ ನಗುತ್ತಿದ್ದರು. ಈಗ ಯಾರೂ ನಗುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮೆಟ್ರೋದಲ್ಲಿ ಎದುರು ಕೂತವರಲ್ಲಿ ಒಬ್ಬರದಾದರೂ ತಂತಿ ಮಿನುಗುತ್ತಿರುತ್ತದೆ. ಒಳ್ಳೆಯದೇ. ಒಸಡು ಮತ್ತು ಮೂಳೆ ಗಟ್ಟಿಯಿದ್ದರೆ ಐವತ್ತರಲ್ಲೂ ಹಲ್ಲು ಸರಿಯುತ್ತದೆ. ನನ್ನ ತಕರಾರು ಬೇರೆ. ಕನ್ನಡಿಯ ಮುಂದೆ ನಿಂತು ಹಲ್ಲು ಎಷ್ಟು ಸರಿಯಿತು ಎಂದು ದಿನಾ ನೋಡುವ ನೀವು, ಆ ಹಲ್ಲನ್ನು ಹೊತ್ತ ದವಡೆ ಎಲ್ಲಿ ತೂಗುಬಿದ್ದಿದೆ ಎಂದು ಒಮ್ಮೆಯೂ ನೋಡುವುದಿಲ್ಲ. ಕಿವಿಯ ಮುಂದೆ ‘ಟಕ್’ ಎಂದಾಗ, ಬೆಳಗ್ಗೆ ಎದ್ದು ಬಾಯಿ ಬಿಗಿಯಾದಾಗ ಗಾಬರಿಯಾಗುತ್ತೀರಿ. ಇಲ್ಲವೇ ಏನೂ ಆಗಿಲ್ಲವೆಂಬಂತೆ ಇದ್ದುಬಿಡುತ್ತೀರಿ. ಎರಡೂ ತಪ್ಪೇ.

ಓದುವುದನ್ನು ನಿಲ್ಲಿಸಿ ಒಂದು ಕೆಲಸ ಮಾಡಿ. ಎರಡೂ ತೋರುಬೆರಳುಗಳನ್ನು ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬಿನ ಎದುರಿಗಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನಡಿ ಮೂಳೆಯ ಗುಂಡೊಂದು ಮೊದಲು ಇದ್ದಲ್ಲೇ ಹೊರಳುತ್ತದೆ. ಬಾಯಿ ಇನ್ನಷ್ಟು ತೆರೆದಂತೆ ಅದು ಮುಂದಕ್ಕೆ ಜಾರಿ, ಬೆರಳಿಗೆ ಗುಳಿ ಬಿದ್ದಂತಾಗುತ್ತದೆ. ಅದೇ ದವಡೆಯ ಕೀಲು. ಬರೀ ಮಡಚಿ ಬಿಚ್ಚುವ ಕೀಲಲ್ಲ ಇದು. ಹೊರಳಲೂ ಬೇಕು, ಜಾರಲೂ ಬೇಕು. ಗುಂಡಿಗೂ ತಲೆಬುರುಡೆಯ ಗುಳಿಗೂ ನಡುವೆ ಒಂದು ತೆಳು ಬಿಲ್ಲೆ ಇದೆ. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆಯಂತೆ ಅದು ಭಾರ ಹಂಚಿ, ಮೂಳೆಗೆ ಮೂಳೆ ತಾಗದಂತೆ ಕಾಯುತ್ತದೆ. ಸಿಂಬೆ ಕೊಂಚ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆದಾಗ ಗುಂಡು ಅದರ ಅಂಚನ್ನು ಹಾರಿ ಮೇಲೇರುತ್ತದೆ. ಆಗ ಕೇಳುವುದೇ ಆ ‘ಟಕ್’. ಸಿಂಬೆ ಪೂರಾ ಸರಿದು ಮತ್ತೆ ಜಾಗಕ್ಕೆ ಬಾರದೆ ಹೋದರೆ ಸದ್ದು ನಿಂತು, ಬಾಯಿ ಅರ್ಧಕ್ಕೇ ತಡೆಯುತ್ತದೆ. ಆದ್ದರಿಂದ ಸದ್ದು ನಿಂತ ಮಾತ್ರಕ್ಕೆ ವಾಸಿಯಾಯಿತೆಂದು ಖುಷಿಪಡಬೇಡಿ. ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಿಕೊಳ್ಳಿ. ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ಅಡ್ಡ ತಿರುಗಿಸದೆ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ. ಮೂರೂ ಹಿಡಿದರೆ ಸರಿ. ದೊಡ್ಡವರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯಬೇಕು. ಎರಡೇ ಬೆರಳು ಹಿಡಿದರೆ ಡಾಕ್ಟರಿಗೆ ಹೇಳುವ ಕಾಲ ಬಂದಿದೆ.

ನೋವಿಲ್ಲದ, ಬಾಯಿಯನ್ನು ತಡೆಯದ ಬರೀ ಸದ್ದು ಬಹಳ ಜನಕ್ಕಿರುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಆದರೆ ದಯವಿಟ್ಟು ಅದನ್ನು ಆಟ ಮಾಡಿಕೊಳ್ಳಬೇಡಿ. ಗೆಳೆಯರಿಗೆ ಕೇಳಿಸಲೆಂದು ಬೇಕೆಂದೇ ದವಡೆ ಅತ್ತಿತ್ತ ಆಡಿಸಿ ಟಕಟಕ ಎನಿಸುವವರನ್ನು ಕಂಡಿದ್ದೇನೆ. ಬೆರಳ ನಟಿಕೆ ಮುರಿದ ಹಾಗಲ್ಲ ಅದು, ಬಿಟ್ಟುಬಿಡಿ.

ತಂತಿ ಹಾಕಿಸುವ ಮುಂಚೆಯೇ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ. ದವಡೆ ಸದ್ದು ಮಾಡುತ್ತದೆಯೇ, ಆಕಳಿಸುವಾಗ ಎಂದಾದರೂ ಸಿಕ್ಕಿಕೊಂಡಿತ್ತೇ, ಬೆಳಗ್ಗೆ ಕೆನ್ನೆ ಹಿಡಿದಂತಿರುತ್ತದೆಯೇ, ರಾತ್ರಿ ಹಲ್ಲು ಕಡಿಯುತ್ತೀರೆಂದು ಪಕ್ಕದಲ್ಲಿ ಮಲಗುವವರು ದೂರಿದ್ದಾರೆಯೇ, ಗಾಡಿಯಿಂದ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತೇ, ಕೈಕಾಲಿನ ಕೀಲುಗಳಲ್ಲಿ ಸಂಧಿವಾತವಿದೆಯೇ, ಮನಸ್ಸಿನ ನೆಮ್ಮದಿಗೆ ಮಾತ್ರೆ ತಗೊಳ್ಳುತ್ತೀರಾ? ಕೊನೆಯದನ್ನು ಹೇಳಲು ಸಂಕೋಚ ಬೇಡ. ಅಂಥ ಕೆಲವು ಮಾತ್ರೆಗಳಿಂದ ಹಲ್ಲು ಕಡಿಯುವುದು ಹೆಚ್ಚುವುದುಂಟು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಿಬಿಡಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಇಷ್ಟೆಲ್ಲ ಕೇಳದೆ, ಕಿವಿಯ ಮುಂದೆ ಬೆರಳಿಟ್ಟು ನೋಡದೆ, ಬಾಯಿ ತೆರೆಯುವ ಅಳತೆಯನ್ನು ಬರೆದುಕೊಳ್ಳದೆ ಮೊದಲ ಭೇಟಿಯಲ್ಲೇ ಅಳತೆ ಅಚ್ಚು ತೆಗೆದು ಕಂತಿನ ಲೆಕ್ಕ ಹೇಳುವವರಿದ್ದರೆ ಎದ್ದು ಬನ್ನಿ. ಬಾಯಿ ನಿಮ್ಮದು, ದುಡ್ಡೂ ನಿಮ್ಮದು. ನಾಚಿಕೆ ಯಾಕೆ?

ಈ ಕೀಲು ಕಿವಿಗೆ ಅಂಟಿಕೊಂಡೇ ಇರುವುದರಿಂದ ಜನ ಮೊದಲು ಓಡುವುದು ಕಿವಿ ಡಾಕ್ಟರ ಬಳಿಗೆ. ಅದೂ ಹೋಗಲಿ, ಡಾಕ್ಟರ ಬಳಿಗಾದರೂ ಹೋಗುತ್ತಾರೆ. ಕೆಲವರು ಕಿವಿಗೆ ಬಿಸಿ ಎಣ್ಣೆ ಹುಯ್ದುಕೊಂಡು ಕೂರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಕಿವಿನೋವಿಗೂ ದವಡೆಗೂ ನಂಟು ಕಟ್ಟಿ 1934ರಲ್ಲಿ ಮೊದಲು ಹೆಸರಾದವರು ಅಮೆರಿಕದ ಸೇಂಟ್ ಲೂಯಿಸಿನ ಜೇಮ್ಸ್ ಕೋಸ್ಟನ್. ಅವರೂ ಕಿವಿ-ಮೂಗು-ಗಂಟಲಿನ ಡಾಕ್ಟರೇ. ಅವರು ಕೊಟ್ಟ ಕಾರಣಗಳು ಮುಂದೆ ನಿಲ್ಲಲಿಲ್ಲ, ಆದರೆ ಕಿವಿ ನೋವೆಂದು ಬಂದವರ ದವಡೆಯನ್ನೂ ಮುಟ್ಟಿ ನೋಡುವ ಅಭ್ಯಾಸ ಉಳಿಯಿತು. ಕಿವಿ ಡಾಕ್ಟರು ಕಿವಿ ಚೆನ್ನಾಗಿದೆ ಎಂದರೆ, ನೋವು ಜಗಿಯುವಾಗ ಹೆಚ್ಚುತ್ತದೆಯೇ ಎಂದು ಗಮನಿಸಿ. ಕಣತಲೆಯ ತಲೆನೋವಿಗೂ ಇದೇ ಮಾತು. ಜಗಿಯುವ ಸ್ನಾಯುವೊಂದು ಬೀಸಣಿಗೆಯಾಗಿ ಹರಡಿಕೊಂಡಿರುವುದು ಅಲ್ಲೇ. ಹಲ್ಲು ಕಚ್ಚಿ ಕಣತಲೆಯ ಮೇಲೆ ಬೆರಳಿಟ್ಟರೆ ಅದು ಉಬ್ಬುವುದು ತಿಳಿಯುತ್ತದೆ.

ನೀವೆಲ್ಲ ಕೇಳುವ ಪ್ರಶ್ನೆಗೆ ಈಗ ಬರೋಣ. ‘ತಂತಿ ಹಾಕಿಸಿದ್ದರಿಂದಲೇ ಹೀಗಾಯಿತಾ?’ ಇದೇ ದೂರು 1987ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಕೋರ್ಟು ಮೆಟ್ಟಿಲೇರಿತು. ಹಲ್ಲು ಕಿತ್ತು ತಂತಿ ಹಾಕಿದ್ದರಿಂದಲೇ ದವಡೆ ಕೆಟ್ಟಿತೆಂದು ಒಬ್ಬ ಹುಡುಗಿಯ ಕಡೆಯವರು ವಾದಿಸಿ, ಲಕ್ಷಗಟ್ಟಲೆ ಡಾಲರ್ ಪರಿಹಾರದ ತೀರ್ಪು ಪಡೆದರು. ಅಲ್ಲಿನ ಹಲ್ಲಿನ ಡಾಕ್ಟರುಗಳಿಗೆ ನಿದ್ದೆ ಹಾರಿತು. ಸಂಶೋಧನೆಗೆ ಹಣ ಸುರಿದರು, ತಂತಿ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಹೋಲಿಸಿದರು. ಸರಿಯಾಗಿ ಮಾಡಿದ ತಂತಿ ಚಿಕಿತ್ಸೆಯಿಂದ ದವಡೆ ಕೀಲಿನ ಕಾಯಿಲೆ ಬರುವುದೂ ಇಲ್ಲ, ಇದ್ದ ಕಾಯಿಲೆ ಹೋಗುವುದೂ ಇಲ್ಲ ಎಂಬುದು ಅದರಿಂದ ಹೊರಬಿದ್ದ ತೀರ್ಮಾನ. ಜಾಗ ಮಾಡಲೆಂದು ಕೋರೆಹಲ್ಲಿನ ಹಿಂದಿನ ನಾಲ್ಕು ಸಣ್ಣ ದವಡೆಹಲ್ಲುಗಳನ್ನು ಕಿತ್ತರೂ ಅಷ್ಟೇ. ಹಾಗಾದರೆ ಎಷ್ಟೋ ಜನಕ್ಕೆ ತಂತಿ ಹಾಕಿಸಿದ ಮೇಲೆಯೇ ನೋವು ಶುರುವಾಗುವುದೇಕೆ? ದವಡೆ ಕೀಲಿನ ತೊಂದರೆ ಹೆಚ್ಚಾಗಿ ಕಾಣುವುದು ಇಪ್ಪತ್ತರಿಂದ ನಲವತ್ತರೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿ ಹಲ್ಲು ಸರಿಪಡಿಸಿಕೊಳ್ಳಲು ಹೊರಡುವ ವಯಸ್ಸೂ ಅದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಹಾಗಂತ ತಂತಿಯ ಪಾತ್ರವೇ ಇಲ್ಲವೆಂದು ಕೈತೊಳೆದುಕೊಳ್ಳುವ ಡಾಕ್ಟರನ್ನೂ ನಾನು ಒಪ್ಪುವುದಿಲ್ಲ. ಹಲ್ಲುಗಳು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುವಾಗ ಮೇಲಿನ-ಕೆಳಗಿನ ಹಲ್ಲುಗಳ ಹೊಂದಾಣಿಕೆ ತಪ್ಪುತ್ತಲೇ ಇರುತ್ತದೆ. ಇವತ್ತು ಈ ಹಲ್ಲು ಮೊದಲು ತಾಗಿದರೆ ಮುಂದಿನ ತಿಂಗಳು ಇನ್ನೊಂದು. ಹಿಂದಿನ ಹಲ್ಲಿನ ಮೇಲೆ ನೀಲಿ ಸಿಮೆಂಟಿನ ಗುಪ್ಪೆ ಇಟ್ಟರಂತೂ ಬಾಯಿ ಪೂರಾ ಮುಚ್ಚುವುದೇ ಇಲ್ಲ. ಬಹುಪಾಲು ಜನ ಇದಕ್ಕೆಲ್ಲ ಒಗ್ಗಿಕೊಳ್ಳುತ್ತಾರೆ. ಮೊದಲೇ ಹಲ್ಲು ಕಚ್ಚುವ ಚಾಳಿಯಿದ್ದವರು ಮಾತ್ರ ‘ಎಲ್ಲಿ ತಾಗುತ್ತಿದೆ’ ಎಂದು ದಿನವಿಡೀ ಕಚ್ಚಿ ಕಚ್ಚಿ ನೋಡುತ್ತಾರೆ. ಸ್ನಾಯು ಸೋಲುವುದು ಅಲ್ಲಿ. ಅಲೈನರ್ ಹಾಕಿಕೊಂಡವರೂ ತಂತಿಯಿಲ್ಲವೆಂದು ಬೀಗಬೇಕಿಲ್ಲ. ದಿನಕ್ಕೆ 22 ಗಂಟೆ ಬಾಯಲ್ಲಿರುವ ಆ ಪ್ಲಾಸ್ಟಿಕ್ಕನ್ನು ಮೊದಮೊದಲು ಜಗಿಯುವ ವಸ್ತುವಿನಂತೆ ಒತ್ತುತ್ತಾ ಕೂರುವವರಿದ್ದಾರೆ.

ಆದ್ದರಿಂದ ನನ್ನ ದೊಡ್ಡ ತಗಾದೆ ಇದೊಂದೇ: ಸುಮ್ಮನಿರುವಾಗ ಹಲ್ಲಿಗೆ ಹಲ್ಲು ತಾಗಿಸಬೇಡಿ. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ-ಕೆಳಗಿನ ಹಲ್ಲುಗಳಿಗೆ ಒಂದರೊಡನೊಂದು ಕೆಲಸವೇ ಇಲ್ಲ. ಇಡೀ ದಿನದ್ದೆಲ್ಲ ಕೂಡಿದರೂ ಅವು ತಾಗುವ ಹೊತ್ತು ಅರ್ಧ ಗಂಟೆ ದಾಟಬೇಕಿಲ್ಲ. ನೀವು? ಲ್ಯಾಪ್‌ಟಾಪ್ ತೆರೆದು ಮೇಲಧಿಕಾರಿಯ ಮೇಲ್ ಓದುವಾಗ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗ್ನಲ್ ಕಾಯುವಾಗ, ಸೂಜಿಗೆ ದಾರ ಪೋಣಿಸುವಾಗ, ಮಗುವಿಗೆ ಲೆಕ್ಕ ಹೇಳಿಕೊಡುವಾಗ ಗಮನಿಸಿಕೊಳ್ಳಿ. ಕೆನ್ನೆಯ ಸ್ನಾಯು ಕಲ್ಲಾಗಿರುತ್ತದೆ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂದಲ್ಲುಗಳ ಹಿಂದೆ ಅಂಗುಳಿಗೆ ಹಗುರವಾಗಿ ಒರಗಿರಲಿ. ನೆನಪಿಗೆ ಕಂಪ್ಯೂಟರಿನ ಮೂಲೆಯಲ್ಲಿ, ಕಾರಿನ ಸ್ಟೀರಿಂಗಿನ ಮೇಲೆ, ಅಡುಗೆಮನೆಯ ಸ್ವಿಚ್ಚಿನ ಬಳಿ ಒಂದೊಂದು ಬಣ್ಣದ ಚುಕ್ಕೆ ಅಂಟಿಸಿ. ಚುಕ್ಕೆ ಕಂಡಾಗಲೆಲ್ಲ ಹಲ್ಲು ಬಿಡಿಸಿ. ಇದಕ್ಕೆ ಕಾಸು ಖರ್ಚಿಲ್ಲ. ಅದಕ್ಕೇ ಇರಬೇಕು, ಯಾರೂ ಮಾಡುವುದಿಲ್ಲ. ಬೇರೆ ಕಷ್ಟಗಳನ್ನು ಹಲ್ಲು ಕಚ್ಚಿಕೊಂಡು ಸಹಿಸಬಹುದು, ಇದೊಂದನ್ನು ಹಾಗೆ ಸಹಿಸಲಾಗದು.

ಕೂರುವ, ಮಲಗುವ ರೀತಿಯನ್ನೂ ತಿದ್ದಿಕೊಳ್ಳಿ. ಗದ್ದಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಮೊಬೈಲ್ ನೋಡುವುದು, ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿ ಒಗ್ಗರಣೆ ಹಾಕುವುದು, ಬೋರಲು ಮಲಗಿ ಮುಖವನ್ನು ದಿಂಬಿಗೆ ಒತ್ತುವುದು, ಉಗುರು ಕಡಿಯುವುದು, ಪೆನ್ನಿನ ತುದಿ ಜಗಿಯುವುದು ಎಲ್ಲ ಬಿಡಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಿ, ಬಾಯಿ ಊರಗಲ ತೆರೆಯದಿರಲಿ. ಇನ್ನು ಈಚಿನ ಹುಚ್ಚೊಂದಿದೆ. ದವಡೆಯ ಗೆರೆ ಚೂಪಾಗಲೆಂದು ರಬ್ಬರ್ ಉಂಡೆ ಕಚ್ಚುವುದು, ಗಟ್ಟಿ ಚ್ಯೂಯಿಂಗ್ ಗಮ್ ಗಂಟೆಗಟ್ಟಲೆ ಜಗಿಯುವುದು. ಮೊಬೈಲಿನ ವಿಡಿಯೋ ನೋಡಿ ಇದನ್ನು ಶುರುಮಾಡುವ ಹುಡುಗರಿಗೆ ಏನು ಹೇಳುವುದು? ದುಡ್ಡು ಕೊಟ್ಟು ನೋವು ಕೊಂಡಂತೆ. ಬಾಯಲ್ಲಿ ತಂತಿಯಿದ್ದಾಗಲಂತೂ ಆ ಯೋಚನೆಯನ್ನೇ ಮಾಡಬೇಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದ ಹಿರಿಯರು ತಂತಿ ಹಾಕಿಸಿಕೊಂಡಿರಲಿಲ್ಲ, ನಿಜ. ಆದರೂ ಮಾತು ಸಲ್ಲುತ್ತದೆ. ತಂತಿ ಬಿಗಿ ಮಾಡಿಸಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುವುದು ಸಹಜ. ಆಗ ನೋವಿಲ್ಲದ ಒಂದೇ ಕಡೆ ಜಗಿಯುತ್ತಾ ಹೋದರೆ ಆ ಬದಿಯ ಸ್ನಾಯುವಿಗೆ ಕೆಲಸ ಹೆಚ್ಚುತ್ತದೆ. ಅದರ ಬದಲು ಊಟವನ್ನೇ ಮೆತ್ತಗೆ ಮಾಡಿ. ಮೊಸರನ್ನ, ಬಿಸಿಬೇಳೆಬಾತು, ಇಡ್ಲಿ, ಪೊಂಗಲ್, ರವೆ ಗಂಜಿ, ಬೇಯಿಸಿದ ತರಕಾರಿಯ ಹುಳಿ ಎಲ್ಲ ನಡೆಯುತ್ತದೆ. ರಾಗಿಮುದ್ದೆಯಂತೂ ಈ ಕಾಲಕ್ಕೆ ಹೇಳಿ ಮಾಡಿಸಿದ್ದು, ಜಗಿಯುವ ಮಾತೇ ಇಲ್ಲ, ನುಂಗಿದರಾಯಿತು. ಗರಿಗರಿ ದೋಸೆಯ ಅಂಚು ಬಿಟ್ಟು ಒಳಗಿನ ಮೆತ್ತನೆಯದು ತಿನ್ನಿ. ಜೋಳದ ರೊಟ್ಟಿಯ ಕಡೆಯವರು ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನು ಮಜ್ಜಿಗೆಯಲ್ಲೋ ಪಲ್ಯದ ರಸದಲ್ಲೋ ನೆನೆಸಿಕೊಳ್ಳಿ. ಸೇಬು, ಸೀಬೆ, ಕ್ಯಾರೆಟ್ಟನ್ನು ಮುಂದಲ್ಲಿನಿಂದ ಕಚ್ಚದೆ ಸಣ್ಣಗೆ ಹೆಚ್ಚಿ ತಿನ್ನಿ. ಕಬ್ಬು, ಕೊಬ್ಬರಿ, ಸುಟ್ಟ ಜೋಳ, ಕೋಡುಬಳೆ, ನಿಪ್ಪಟ್ಟು, ಶೇಂಗಾ ಚಿಕ್ಕಿ ಈ ಒಂದೆರಡು ವರ್ಷ ದೂರವಿರಲಿ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರಿ, ಕಬ್ಬಿನ ತುಂಡು ಬೇರೆಯವರಿಗೆ ಕೊಡಿ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವ ಗಾದೆ ನಿಮ್ಮ ವಿಷಯದಲ್ಲಿ ಸ್ವಲ್ಪ ಬೇರೆ: ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವ ಹಾಗಿಲ್ಲ.

ಅಡಿಕೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅಡಿಕೆ ನಮ್ಮ ಮಲೆನಾಡಿನ ಬದುಕು, ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲ. ಆದರೂ ಬಾಯಲ್ಲಿ ಹೊತ್ತುಗಟ್ಟಲೆ ಅಡಿಕೆ, ಗುಟ್ಕಾ ಇಟ್ಟುಕೊಳ್ಳುವವರಿಗೆ ಕೆನ್ನೆಯ ಒಳಪೊರೆ ಬಿಳಿಚಿ, ನಾರುಗಟ್ಟಿ, ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಬರುತ್ತದೆ. ಖಾರ ತಗುಲಿದರೆ ಉರಿಯುತ್ತದೆ. ಇದು ಕೀಲಿನ ತೊಂದರೆಯಲ್ಲ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ. ‘ದವಡೆ ಹಿಡಿದಿದೆ’ ಎಂದು ಬಿಸಿ ಶಾಖ ಕೊಡುತ್ತಾ ಕೂತರೆ ಕಾಲ ಮಿಂಚುತ್ತದೆ. ಅಡಿಕೆ ಹಾಕುವ ಅಭ್ಯಾಸವನ್ನು ಡಾಕ್ಟರಿಂದ ಮುಚ್ಚಿಡಬೇಡಿ, ಬಿಟ್ಟುಬಿಡಿ.

ಇನ್ನು ರಬ್ಬರ್ ಬ್ಯಾಂಡ್. ಮೇಲಿನ ಕೊಕ್ಕೆಯಿಂದ ಕೆಳಗಿನ ಕೊಕ್ಕೆಗೆ ಸಿಕ್ಕಿಸುವ ಆ ಪುಟ್ಟ ಬ್ಯಾಂಡು ಹಲ್ಲನ್ನಷ್ಟೇ ಎಳೆಯುವುದಿಲ್ಲ, ದವಡೆಯನ್ನೂ ಎಳೆಯುತ್ತದೆ. ಮದುವೆ ಹತ್ತಿರ ಬಂತು, ಬೇಗ ಮುಗಿಯಲಿ ಎಂದು ಒಂದರ ಜಾಗದಲ್ಲಿ ಎರಡು ಹಾಕಿಕೊಳ್ಳುವವರು, ವಾರವೆಲ್ಲ ಮರೆತು ಡಾಕ್ಟರ ಭೇಟಿಯ ಹಿಂದಿನ ರಾತ್ರಿ ಪ್ರಾಯಶ್ಚಿತ್ತ ಮಾಡಿಕೊಳ್ಳುವವರು ಇಬ್ಬರೂ ಬೈಸಿಕೊಳ್ಳಬೇಕಾದವರೇ. ಆತುರಗಾರನಿಗೆ ಬುದ್ಧಿ ಮಟ್ಟ. ಬ್ಯಾಂಡ್ ಹಾಕಿದ ಮೇಲೆ ಕಿವಿಯ ಮುಂದೆ ನೋವು ಶುರುವಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಫೋನ್ ಮಾಡಿ. ಕೆಲವು ವಾರ ಬ್ಯಾಂಡ್ ಬಿಡಿಸಿ, ತಂತಿಯನ್ನು ಹಾಗೇ ಇರಗೊಟ್ಟು, ದವಡೆ ಶಾಂತವಾದ ಮೇಲೆ ಮುಂದುವರಿಸುವುದು ಸರಿಯಾದ ಕ್ರಮ. ಇದರಿಂದ ಚಿಕಿತ್ಸೆ ಒಂದೆರಡು ತಿಂಗಳು ಲಂಬಿಸಿದರೆ ಲಂಬಿಸಲಿ.

ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂರುವುದು ನೋಯುವ ಕೀಲಿಗೆ ದೊಡ್ಡ ಶಿಕ್ಷೆ. ತಂತಿಯನ್ನು ಹಿಡಿಯುವ ಬ್ರಾಕೆಟ್‌ಗಳನ್ನು ಹಲ್ಲಿಗೆ ಅಂಟಿಸುವ ದಿನವಂತೂ ಬಹಳ ಹೊತ್ತು ಹಿಡಿಯುತ್ತದೆ. ನಡುನಡುವೆ ಬಾಯಿ ಮುಚ್ಚಲು ಬಿಡಿ ಎಂದು ಮೊದಲೇ ಹೇಳಿ, ಎಡಗೈ ಎತ್ತಿದರೆ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಿ. ಮೇಲಿನ ಸಾಲು ಒಂದು ದಿನ, ಕೆಳಗಿನದು ಇನ್ನೊಂದು ದಿನ ಮಾಡಿಸಿಕೊಂಡರೂ ತಪ್ಪೇನಿಲ್ಲ. ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ.

ನೋವು ಬಂದ ಮೊದಲ ದಿನಗಳಲ್ಲಿ ಬಿಸಿನೀರಿಗೆ ಅದ್ದಿ ಹಿಂಡಿದ ಟವೆಲನ್ನು ಕೆನ್ನೆಯ ಮೇಲೆ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಚರ್ಮ ಸುಡುವಷ್ಟು ಬೇಡ. ದವಡೆಯ ಸ್ನಾಯುವನ್ನು ಬೆರಳ ತುದಿಯಿಂದ ನಯವಾಗಿ ನೀವಿ. ಬಾಯಿ ಬಿಗಿಯಾಗಿದೆಯೆಂದು ಮೂರು ಬೆರಳು ತುರುಕಿ ಎಳೆದು ತೆರೆಯಲು ಹೋಗಬೇಡಿ. ಗುಳಿಗೆ ಬೇಕಾದರೆ ಕೇಳಿ ತಗೊಳ್ಳಿ. ಐಬುಪ್ರೊಫೇನ್ ಬಗೆಯ ಗುಳಿಗೆಗಳನ್ನು ದಿನಗಟ್ಟಲೆ ನುಂಗಿದರೆ ಹಲ್ಲು ಸರಿಯುವ ವೇಗವೇ ತಗ್ಗಬಹುದೆಂದು ಹಲವು ಡಾಕ್ಟರುಗಳು ಪ್ಯಾರಾಸಿಟಮಾಲ್ ಕೊಡುತ್ತಾರೆ. ನಿಮ್ಮ ಹೊಟ್ಟೆ, ಕಿಡ್ನಿ, ಬಿ.ಪಿ. ನೋಡಿಯೇ ಅವರು ಬರೆದುಕೊಡಬೇಕು. ಪಕ್ಕದ ಮನೆಯವರ ಡಬ್ಬಿಯ ಮಾತ್ರೆ ಬೇಡ.

ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ನೈಟ್ ಗಾರ್ಡ್ ಕೊಡುವುದುಂಟು. ತಂತಿಯಿರುವಾಗ ಅದನ್ನು ಮಾಡುವುದು ಸುಲಭವಲ್ಲ. ಹಲ್ಲು ಸರಿದಂತೆಲ್ಲ ಅದು ಕೂರದಾಗುತ್ತದೆ, ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿಗೆ ಹಾಕಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಅಗ್ಗದ ಗಾರ್ಡನ್ನು ತಂತಿಯ ಮೇಲೆ ಒತ್ತಿದರೆ ಬ್ರಾಕೆಟ್ ಕಿತ್ತು ಬಂದೀತು. ಗಾರ್ಡ್ ಬೇಕೇ, ಎಂಥದ್ದು ಎಂಬುದನ್ನು ತಂತಿ ಹಾಕಿದ ನಿಮ್ಮ ಡಾಕ್ಟರೇ ಹೇಳಲಿ.

ಇದೆಲ್ಲ ಮಾಡಿದರೆ ಬಹುಪಾಲು ಜನಕ್ಕೆ ಕೆಲವು ವಾರಗಳಲ್ಲಿ ಹಗುರಾಗುತ್ತದೆ. ಆಗದಿದ್ದರೆ ಪರೀಕ್ಷೆ ಬೇಕು. ಮೂಳೆ ಸವೆದಿದೆಯೇ ಎಂದು ತಿಳಿಯಲು ಎಕ್ಸ್‌ರೇ, ಸಿಬಿಸಿಟಿ ಸ್ಕ್ಯಾನ್ ಬೇಕು. ಸಿಂಬೆಯಂಥ ಆ ಬಿಲ್ಲೆ ಎಲ್ಲಿದೆ ಎಂದು ತಿಳಿಯಲು ಎಂಆರ್‌ಐ ಬೇಕು. ಎಲ್ಲರಿಗೂ ಎಲ್ಲವೂ ಬೇಡ. ಒಬ್ಬರೇ ಡಾಕ್ಟರಿಗೆ ಬಗೆಹರಿಯದಿದ್ದರೆ ದಂತ ಕಾಲೇಜಿನ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಕೋಟೆಯ ಬಳಿಯ ಸರ್ಕಾರಿ ದಂತ ಕಾಲೇಜಾಗಲಿ, ಧಾರವಾಡ, ಮಣಿಪಾಲ, ಮಂಗಳೂರಿನವಾಗಲಿ, ತಂತಿ ಹಾಕುವವರು, ಬಾಯಿಯ ಕಾಯಿಲೆ ನೋಡುವವರು, ದವಡೆಯ ಸರ್ಜನ್ನರು ಒಂದೇ ಸೂರಿನಡಿ ಸಿಗುತ್ತಾರೆ. ಸರದಿ ಉದ್ದವಿರುತ್ತದೆ, ಪುಸ್ತಕ ಒಯ್ಯಿರಿ.

ಯಾರಾದರೂ ‘ಹಲ್ಲು ತೇದರೆ ದವಡೆ ನೋವು ಹೋಗುತ್ತದೆ’, ‘ಎಲ್ಲ ಹಲ್ಲಿಗೂ ಕ್ಯಾಪ್ ಹಾಕೋಣ’, ‘ಕೀಲಿಗೆ ಆಪರೇಷನ್ ಮಾಡಿಬಿಡೋಣ’ ಎಂದು ಮೊದಲ ಮಾತಿನಲ್ಲೇ ಹೇಳಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ಇನ್ನೊಬ್ಬರನ್ನು ಕೇಳಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಸಲ್ಲ. ಬೇರೆ ಬಲವಾದ ಕಾರಣವಿಲ್ಲದಿದ್ದರೆ ಮೊದಲು ಸೌಮ್ಯವಾದ, ಹಿಂದಿರುಗಿಸಬಹುದಾದ ಚಿಕಿತ್ಸೆಯೇ ಆಗಬೇಕೆಂದು ಅಮೆರಿಕದ ದಂತ ಸಂಶೋಧನಾ ಸಂಘ 2010ರ ತನ್ನ ಹೇಳಿಕೆಯಲ್ಲೂ ಹೇಳಿದೆ. ಅಲ್ಲಿ ಬೆಂದವರು ಬಹಳ. 1980ರ ದಶಕದಲ್ಲಿ ಕೆಟ್ಟ ಬಿಲ್ಲೆಯನ್ನು ತೆಗೆದು ಟೆಫ್ಲಾನ್ ಲೇಪದ ತುಂಡು ಕೂರಿಸುತ್ತಿದ್ದರು. ಅದು ಒಳಗೇ ಪುಡಿಯಾಗಿ, ಸುತ್ತಲಿನ ಮೂಳೆಯನ್ನೇ ತಿಂದಿತು. ಕೊನೆಗೆ 1990ರ ದಶಕದ ಆರಂಭದಲ್ಲಿ ಸರ್ಕಾರವೇ ನಡುವೆ ಬಂದು ಅದನ್ನು ಹಿಂತೆಗೆಸಬೇಕಾಯಿತು. ಆಪರೇಷನ್ನೇ ಬೇಕಾದವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬೆಳವಣಿಗೆ ನಿಂತ ದವಡೆಮೂಳೆ ಬಹಳ ಹಿಂದೆ ಮುಂದೆ ಇದ್ದರೆ ತಂತಿಯೊಂದರಿಂದ ಆಗದು, ಮೂಳೆಗೇ ಆಪರೇಷನ್ ಬೇಕು. ಆದರೆ ಅದು ಮುಖದ ಅಳತೆಗಾಗಿ ಮಾಡುವ ಆಪರೇಷನ್. ದವಡೆ ನೋವು ಅದರಿಂದ ಹೋಗುತ್ತದೆಂದು ಯಾರೂ ಖಾತ್ರಿ ಕೊಡಲಾರರು.

ಕೆಲವು ಲಕ್ಷಣಗಳಿಗೆ ಮಾತ್ರ ತಡಮಾಡಬೇಡಿ. ಆಕಳಿಸಿದಾಗ ಬಾಯಿ ತೆರೆದಂತೇ ಸಿಕ್ಕಿಕೊಂಡರೆ ಮನೆಯವರು ಗದ್ದಕ್ಕೆ ಗುದ್ದುವುದು, ಒತ್ತುವುದು ಬೇಡ. ನೇರವಾಗಿ ಆಸ್ಪತ್ರೆಗೆ ನಡೆಯಿರಿ, ತಿಳಿದವರು ಕೂರಿಸುತ್ತಾರೆ. ತಿಂಗಳಿನಿಂದ ತಿಂಗಳಿಗೆ ಮೇಲಿನ-ಕೆಳಗಿನ ಮುಂದಲ್ಲುಗಳ ನಡುವಿನ ಸಂದು ಹೆಚ್ಚುತ್ತಾ ಗದ್ದ ಹಿಂದಕ್ಕೆ ಸರಿದಂತೆ ಕಂಡರೆ ಕೀಲಿನ ಮೂಳೆಯೇ ಕರಗುತ್ತಿರಬಹುದು. ಹರೆಯದ ಹೆಣ್ಣುಮಕ್ಕಳಲ್ಲಿ ಇದು ಕಾಣುವುದುಂಟು, ತಂತಿಯ ಕೆಲಸ ಅಲ್ಲಿಗೇ ನಿಲ್ಲಬೇಕು. ಐವತ್ತು ದಾಟಿದವರಿಗೆ ಜಗಿಯುವಾಗ ದವಡೆ ಸೋಲುವುದರ ಜೊತೆಗೆ ಹೊಸ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದು ರಕ್ತನಾಳದ ಉರಿಯೂತವಾಗಿರಬಹುದು. ಅವತ್ತೇ ತೋರಿಸದಿದ್ದರೆ ದೃಷ್ಟಿಗೇ ಸಂಚಕಾರ. ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದು ಎದೆ ಹಿಡಿದು ಬೆವರಿದರೆ ಹಲ್ಲಿನ ಡಾಕ್ಟರಲ್ಲ, ಹೃದಯದ ಡಾಕ್ಟರು ಬೇಕು.

ತಂತಿ ಬಿಚ್ಚಿದ ದಿನ ಸಿಹಿ ಹಂಚಿ, ಸಂತೋಷ. ಹಳೆಯ ‘ಟಕ್’ ಸದ್ದು ಹಾಗೇ ಉಳಿದಿದ್ದರೆ ಡಾಕ್ಟರನ್ನು ಬೈಯಬೇಡಿ, ಅವರು ಮಾತು ಕೊಟ್ಟದ್ದು ಹಲ್ಲಿಗೆ. ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯದಂತೆ ಹಿಡಿಯುವ ರಿಟೇನರನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತು ಹಾಕಿಕೊಳ್ಳಿ, ಟಿಶ್ಯೂ ಪೇಪರಿನಲ್ಲಿ ಸುತ್ತಿ ಹೋಟೆಲಿನ ಟೇಬಲ್ಲಿನ ಮೇಲೆ ಬಿಟ್ಟು ಬರಬೇಡಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನು ಆಗ ಮತ್ತೊಮ್ಮೆ ನೆನಪಿಸಿ. ರಿಟೇನರಿನ ಕೆಲಸವನ್ನೂ ಗಾರ್ಡಿನ ಕೆಲಸವನ್ನೂ ಒಂದರಲ್ಲೇ ಮಾಡುವ ಗಟ್ಟಿ ಸಾಧನ ಮಾಡಿಕೊಡಬಲ್ಲರು. ತಂತಿಗೆ ಮುಂಚೆ ಮಾಡಿಸಿದ್ದ ಹಳೆಯ ನೈಟ್ ಗಾರ್ಡ್ ಬೀರುವಿನಲ್ಲಿದ್ದರೆ ತೆಗೆದು ಎಸೆಯಿರಿ. ಅದರ ಅಚ್ಚು ನಿಮ್ಮ ಹಳೆಯ ಹಲ್ಲುಸಾಲಿನದ್ದು, ಈಗಿನದಕ್ಕೆ ಕೂರುವುದಿಲ್ಲ.